ಲೀಟರಿಗೆ 17 ಅಂದ ಕಾರು 9 ಕೊಟ್ಟಾಗ: ಕೆಟ್ಟಿರೋದು ಕಾರಾ, ರಸ್ತೆನಾ?

ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ಮೂರನೇ ವಾರಕ್ಕೇ ನಾನು ಮೋಸ ಹೋದೆ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

2019ರ ಮಾಡೆಲ್, ಪೆಟ್ರೋಲ್, ಕಾಂಪ್ಯಾಕ್ಟ್ ಎಸ್‌ಯುವಿ. ಅಪ್ಪನಿಗೆ ಮಂಡಿ ಆಪರೇಷನ್ ಆದ ಮೇಲೆ ತಗ್ಗಿನ ಕಾರಿನಲ್ಲಿ ಬಗ್ಗಿ ಕೂರೋದು, ಎದ್ದೇಳೋದು ಎರಡೂ ಕಷ್ಟವಾಗಿತ್ತು. ಸೀಟು ಎತ್ತರದಲ್ಲಿರೋ ಗಾಡಿ ಬೇಕಿತ್ತು, ಹೊಸದು ಕೊಳ್ಳೋ ಶಕ್ತಿ ಇರಲಿಲ್ಲ. ಕಂಪನಿ ಹೇಳಿಕೊಂಡ ಮೈಲೇಜ್ ಲೀಟರಿಗೆ 17 ಕಿ.ಮೀ. ಮಾರಿದವರು ಇನ್ನೂ ವಿನಯದಿಂದ "ಸಿಟೀಲಿ 14ಕ್ಕೆ ಮೋಸ ಇಲ್ಲ ಸರ್" ಅಂದಿದ್ರು. ಆ 14ನ್ನೇ ನಂಬಿ ನಾನು ತಿಂಗಳ ಇಎಂಐ, ಪೆಟ್ರೋಲ್, ಮನೆ ಖರ್ಚಿನ ಲೆಕ್ಕ ಹಾಕಿಟ್ಟುಕೊಂಡಿದ್ದೆ.

ಫುಲ್ ಟ್ಯಾಂಕ್ ಹಾಕಿಸಿ, ಓಡಿಸಿ, ಮತ್ತೆ ಫುಲ್ ಟ್ಯಾಂಕ್ ಹಾಕಿಸಿ ಲೆಕ್ಕ ಮಾಡಿದೆ. ಲೀಟರಿಗೆ 9.2.

ಒಂದು ಗ್ಯಾರೇಜಿನವರು ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಜೊತೆಗೆ ಇಂಜಿನ್ ಕಂಪ್ಯೂಟರ್‌ನ ಟ್ಯೂನಿಂಗ್ ಅಂತ 22 ಸಾವಿರದ ಅಂದಾಜು ಪಟ್ಟಿ ಬರೆದುಕೊಟ್ಟರು. ಗೆಳೆಯನೊಬ್ಬ "ಮಾರಿ ಕೈ ತೊಳ್ಕೊ ಮಾರಾಯ" ಅಂದ. ಎರಡಕ್ಕೂ ದುಡ್ಡು ಕಳ್ಕೊಳ್ಳೋನು ನಾನೇ. ಹಾಗಾಗಿ ಮೊದಲು ಅರ್ಥ ಮಾಡ್ಕೊಳ್ಳೋಣ ಅಂತ ಕೂತೆ. ಕಾರಿನ ಬಗ್ಗೆ ಶುರುವಾದ ವಿಚಾರಣೆ ಕೊನೆಗೆ ರಸ್ತೆ, ತೆರಿಗೆ, ಇಂಧನ ನೀತಿಯವರೆಗೂ ಹೋಯ್ತು.

ಆ 17 ಎಲ್ಲಿಂದ ಬಂತು?

ನಾವು 'ಎಆರ್‌ಎಐ ಮೈಲೇಜ್' ಅಂತ ಕರೆಯೋ ಸಂಖ್ಯೆ ಹುಟ್ಟೋದು ರಸ್ತೆಯ ಮೇಲಲ್ಲ, ಪ್ರಯೋಗಾಲಯದಲ್ಲಿ. ಕಾರಿನ ಚಕ್ರಗಳನ್ನು ರೋಲರ್ ಮೇಲೆ ಇಟ್ಟು, ಮೊದಲೇ ಗೊತ್ತು ಮಾಡಿದ ವೇಗದಲ್ಲಿ ಓಡಿಸ್ತಾರೆ. ಇದಕ್ಕೆ 'ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್' ಅಂತ ಹೆಸರು. ಒಟ್ಟು 1,180 ಸೆಕೆಂಡ್, ಅಂದ್ರೆ 20 ನಿಮಿಷಕ್ಕೂ ಸ್ವಲ್ಪ ಕಡಿಮೆ. ದೂರ ಸುಮಾರು 10.6 ಕಿ.ಮೀ. ಸರಾಸರಿ ವೇಗ ಗಂಟೆಗೆ 32 ಕಿ.ಮೀ., ಗರಿಷ್ಠ 90. ನನ್ನ ಕಾರಿನ ಕಾಲದ ಪರೀಕ್ಷೆಯಲ್ಲಿ ಎಸಿ ಬಂದ್. ಗುಂಡಿ ಇಲ್ಲ, ಹಂಪ್ ಇಲ್ಲ, ಅಡ್ಡ ನುಗ್ಗೋ ಆಟೋ ಇಲ್ಲ.

ಇದು ಯುರೋಪಿನ ಹಳೆಯ ಪರೀಕ್ಷೆಯನ್ನೇ ನಮ್ಮ ವೇಗಕ್ಕೆ ತಗ್ಗಿಸಿ ಮಾಡಿಕೊಂಡದ್ದು. ನಿಜವಾದ ರಸ್ತೆಗೂ ಇದಕ್ಕೂ ಸಂಬಂಧ ಕಮ್ಮಿ ಅಂತ ಯುರೋಪ್ 2017ರಿಂದ ಹೊಸ ಪರೀಕ್ಷೆಗೆ ಹೊರಳಿತು.

ಹಾಗಂತ 17 ಸುಳ್ಳಲ್ಲ. ಎರಡು ಕಾರುಗಳನ್ನು ಹೋಲಿಸೋಕೆ ಅದು ಉಪಯೋಗಕ್ಕೆ ಬರುತ್ತೆ. ಆದರೆ ನನ್ನ ಪ್ರಶ್ನೆ ಬೇರೆ: ನನ್ನ ದಾರಿಯಲ್ಲಿ ಎಷ್ಟು?

2024ರ ಟಾಮ್‌ಟಾಮ್ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗೋಕೆ ಸರಾಸರಿ 34 ನಿಮಿಷ ಬೇಕು. ಅಂದ್ರೆ ಗಂಟೆಗೆ 18 ಕಿ.ಮೀ. ಕೂಡ ಇಲ್ಲ. ನನ್ನ ಆಫೀಸ್ ಮನೆಯಿಂದ ನಾಲ್ಕೂವರೆ ಕಿ.ಮೀ.: ವಿಜ್ಞಾನ ನಗರದಿಂದ ಹೊರಟು, ಕಗ್ಗದಾಸಪುರದ ರೈಲ್ವೆ ಗೇಟ್ ದಾಟಿ, ಸಿ.ವಿ. ರಾಮನ್ ನಗರದ ಕಡೆಗೆ. ಬೆಳಗ್ಗೆ 25 ನಿಮಿಷ. ಗಂಟೆಗೆ ಸುಮಾರು 11 ಕಿ.ಮೀ. ಪ್ರಯೋಗಾಲಯದ ಕಾರು ಓಡಿದ್ದು ಇದರ ಮೂರು ಪಟ್ಟು ವೇಗದಲ್ಲಿ.

ಬಿಸಿಯಾಗೋ ಮೊದಲೇ ಮುಗಿಯೋ ಪ್ರಯಾಣ

ಪೆಟ್ರೋಲ್ ಇಂಜಿನ್ ಸರಿಯಾಗಿ ಕೆಲಸ ಮಾಡೋದು ಕೂಲಂಟ್ ಸುಮಾರು 90 ಡಿಗ್ರಿ ಮುಟ್ಟಿದಾಗ. ಬೆಂಗಳೂರಿನ ಬೆಳಗಿನ 20 ಡಿಗ್ರಿ ನಮಗೆ ಹಿತ, ಇಂಜಿನ್‌ಗೆ ಅದು ಚಳಿಯೇ.

ತಣ್ಣಗಿರೋ ಇಂಜಿನ್‌ನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗಲ್ಲ. ಒಂದಷ್ಟು ಭಾಗ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತೆ. ಅದನ್ನು ಸರಿದೂಗಿಸೋಕೆ ಕಂಪ್ಯೂಟರ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಬಿಡುತ್ತೆ. ಸೈಲೆನ್ಸರ್ ದಾರಿಯಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರ್ ವಿಷಗಾಳಿಯನ್ನು ಶುದ್ಧ ಮಾಡಬೇಕಾದ್ರೆ ಅದೂ ನೂರಾರು ಡಿಗ್ರಿ ಬಿಸಿಯಾಗಬೇಕು. ಅದಕ್ಕೇ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್ ಜೋರಾಗಿ ಗುಂಯ್ ಅನ್ನೋದು. ಆಯಿಲ್ ಮಂದವಾಗಿರುತ್ತೆ, ತಿರುಗೋ ಪ್ರತಿ ಭಾಗವೂ ಹೆಚ್ಚು ಶಕ್ತಿ ಕೇಳುತ್ತೆ. ಕೂಲಂಟ್‌ಗಿಂತ ಆಯಿಲ್ ಬಿಸಿಯಾಗೋದು ಇನ್ನೂ ನಿಧಾನ.

40 ಕಿ.ಮೀ. ಹೋಗೋರಿಗೆ ಈ ನಷ್ಟ ಇಡೀ ಪ್ರಯಾಣದಲ್ಲಿ ಕರಗಿ ಹೋಗುತ್ತೆ. ನಾಲ್ಕೂವರೆ ಕಿ.ಮೀ. ಹೋಗೋನಿಗೆ ಅದೇ ಪ್ರಯಾಣದ ದೊಡ್ಡ ಪಾಲು. ಸಂಜೆ ಮತ್ತೆ ತಣ್ಣಗಿನ ಇಂಜಿನ್, ಮತ್ತೆ ಅದೇ ಕತೆ. ಬಿಸಿಲಲ್ಲಿ ನಿಂತ ಕಾರಿನ ಎಸಿ ಕೂಡ ಅತಿ ಹೆಚ್ಚು ದುಡಿಯೋದು ಮೊದಲ ಹತ್ತು ನಿಮಿಷ. ನನ್ನ ಪ್ರಯಾಣದಲ್ಲಿ ಅದರಾಚೆ ಉಳಿಯೋದೇ ಸ್ವಲ್ಪ.

ಎಸ್‌ಯುವಿ ಅನ್ನೋದೂ ಇಲ್ಲಿ ಲೆಕ್ಕಕ್ಕೆ ಬರುತ್ತೆ. ಇಷ್ಟು ನಿಧಾನ ವೇಗದಲ್ಲಿ ಗಾಳಿಯ ತಡೆ ದೊಡ್ಡ ವಿಷಯವಲ್ಲ, ತೂಕ ದೊಡ್ಡ ವಿಷಯ. ಪ್ರತಿ ಸಲ ನಿಂತು ಹೊರಡುವಾಗ ಅಷ್ಟೂ ತೂಕವನ್ನು ಮತ್ತೆ ಎಳೀಬೇಕು, ಮುಂದಿನ ಹಂಪ್‌ನಲ್ಲಿ ಬ್ರೇಕ್ ಒತ್ತಿ ಆ ಶಕ್ತಿಯನ್ನೆಲ್ಲ ಶಾಖ ಮಾಡಿ ಬಿಸಾಡಬೇಕು.

ನಿಂತಲ್ಲೇ ಸುಡೋ ಪೆಟ್ರೋಲ್

ಒಂದು ವಾರ ಸ್ಟಾಪ್‌ವಾಚ್ ಇಟ್ಟುಕೊಂಡು ನೋಡಿದೆ. 25 ನಿಮಿಷದಲ್ಲಿ ಸುಮಾರು 10 ನಿಮಿಷ ಕಾರು ನಿಂತೇ ಇರುತ್ತೆ. ಗೇಟ್ ಹಾಕಿದ ದಿನ ಇನ್ನೂ ಹೆಚ್ಚು. ಪ್ರಯೋಗಾಲಯದ ಪರೀಕ್ಷೆಯಲ್ಲೂ ನಿಲ್ಲೋ ಸಮಯ ಇದೆ. ಆದರೆ ನಾಲ್ಕೂವರೆ ಕಿ.ಮೀ.ಗೆ ಲೆಕ್ಕ ಹಾಕಿದ್ರೆ ಅದು ಎರಡು ನಿಮಿಷ.

ಲೀಟರಿಗೆ 17 ಆಗಿದ್ರೆ ಒಂದು ಸಲ ಹೋಗೋಕೆ 265 ಮಿಲಿಲೀಟರ್ ಸಾಕಿತ್ತು. ಆಗ್ತಿರೋದು 490. ಹೆಚ್ಚುವರಿ 225 ಎಲ್ಲಿ ಹೋಯ್ತು?

ಎಸಿ ಹಾಕಿಕೊಂಡು ನಿಂತ ಇಂಥ ಕಾರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಪೆಟ್ರೋಲ್ ಸುಡುತ್ತೆ. ನಡುವಿನ ಅಂದಾಜು ಹಿಡಿದ್ರೂ, ಪರೀಕ್ಷೆಗಿಂತ ಹೆಚ್ಚಾಗಿ ನಿಂತ ಎಂಟು ನಿಮಿಷಕ್ಕೆ 90ರಿಂದ 100 ಮಿಲಿಲೀಟರ್ ಹೋಯ್ತು. ಉಳಿದ ಬಹುಪಾಲು ತಣ್ಣನೆ ಇಂಜಿನ್, ಎಸಿ, ನಿಂತು ಹೊರಡೋ ಆಟಕ್ಕೆ. ಇನ್ನೊಂದು ಸಣ್ಣ ಪಾಲಿಗೆ ಕಾರಣ ನನ್ನ ದಾರಿಯಲ್ಲಿರಲಿಲ್ಲ, ಬಂಕ್‌ನಲ್ಲಿತ್ತು.

ಕೇಳದೆ ಸಿಕ್ಕ ಇ20

ಈಗ ಬಂಕ್‌ನಲ್ಲಿ ಸಾಮಾನ್ಯವಾಗಿ ಸಿಗೋದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿರೋ ಶಕ್ತಿ, ಒಂದು ಲೀಟರ್ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಇದು ಅಭಿಪ್ರಾಯ ಅಲ್ಲ, ರಸಾಯನಶಾಸ್ತ್ರ. ನೀತಿ ಆಯೋಗದ 2021ರ ಎಥನಾಲ್ ಮಾರ್ಗಸೂಚಿಯೇ ಹೇಳಿದೆ: ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಇ20 ಹಾಕಿದ್ರೆ ಮೈಲೇಜ್ ಶೇ. 6-7ರಷ್ಟು ಇಳಿಯಬಹುದು. ಕ್ಯಾಲೊರಿ ಕಮ್ಮಿಯಾಗೋದಕ್ಕೆ ಪರಿಹಾರವಾಗಿ ಇಂಥ ಇಂಧನದ ಬೆಲೆ ಮಾಮೂಲಿ ಪೆಟ್ರೋಲ್‌ಗಿಂತ ಕಡಿಮೆ ಇರಬೇಕು ಅಂತಲೂ ಅದೇ ವರದಿ ಹೇಳಿತ್ತು.

ಇಂಧನ ಬಂತು, ಕಡಿಮೆ ಬೆಲೆ ಬರಲಿಲ್ಲ.

ಎಥನಾಲ್ ಪರವಾಗಿ ಹೇಳೋದಕ್ಕೆ ಕಾರಣಗಳಿವೆ: ಕಚ್ಚಾ ತೈಲದ ಆಮದು ಕಡಿಮೆಯಾಗುತ್ತೆ, ಮಂಡ್ಯ ಬೆಳಗಾವಿಯ ಕಬ್ಬಿಗೆ ಇನ್ನೊಂದು ಮಾರುಕಟ್ಟೆ ಸಿಗುತ್ತೆ. ಅದು ಒಳ್ಳೆಯ ನೀತಿಯೇ ಅಂದ್ಕೊಳ್ಳೋಣ. ಆದರೆ ಅದರ ಖರ್ಚಿನ ಒಂದು ಪಾಲನ್ನು ಹಳೇ ಗಾಡಿ ಓಡಿಸೋರ ಮೇಲೆ ಹಾಕಿ, ಬಿಲ್ಲಲ್ಲಿ ತೋರಿಸದೇ ಇರೋದು ಸರಿನಾ? ಹೊಸ ಕಾರು ಕೊಳ್ಳೋ ಶಕ್ತಿ ಇರೋರ ಇಂಜಿನ್ ಇ20ಗೆ ಹೊಂದಿಸಿ ಬರುತ್ತೆ. ಇಲ್ಲದೋರು ಶೇ. 6 ಹೆಚ್ಚು ಕಟ್ತಾರೆ.

ಸರಿ, ಕಾರಲ್ಲಿ ಏನೂ ತೊಂದರೆ ಇರಲಿಲ್ವಾ?

ಇತ್ತು. ಆದರೆ ಆ 22 ಸಾವಿರದ ಪಟ್ಟಿಯಲ್ಲಿ ಅದು ಇರಲಿಲ್ಲ.

ಕಾರಿನ ಡ್ಯಾಶ್‌ಬೋರ್ಡ್ ಕೆಳಗಿರೋ ಒಬಿಡಿ ಪಾಯಿಂಟ್‌ಗೆ ಚುಚ್ಚೋ ಒಂದು ಸಣ್ಣ ಸ್ಕ್ಯಾನರ್ ಆನ್‌ಲೈನ್‌ನಲ್ಲಿ ತರಿಸಿದೆ. ಫೋನ್‌ನಲ್ಲಿ ಕೂಲಂಟ್‌ನ ಉಷ್ಣತೆ ಕಾಣುತ್ತೆ. 20 ನಿಮಿಷ ಓಡಿಸಿದ ಮೇಲೂ 68 ಡಿಗ್ರಿ. ಹಳೆಯ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಬಿಚ್ಚಿ ನೋಡಿ ನಕ್ಕರು: "ಥರ್ಮೋಸ್ಟಾಟೇ ಇಲ್ವಲ್ಲ ಸರ್. ಯಾರೋ ತೆಗೆದು ಬಿಸಾಕಿದ್ದಾರೆ."

ಇಂಜಿನ್ ಬಿಸಿಯಾಗೋವರೆಗೂ ಕೂಲಂಟ್ ರೇಡಿಯೇಟರ್ ಕಡೆ ಹೋಗದಂತೆ ತಡೆಯೋ ಬಾಗಿಲು ಥರ್ಮೋಸ್ಟಾಟ್. ಗಾಡಿ ಓವರ್‌ಹೀಟ್ ಆಗ್ತಿದೆ ಅಂದಾಗ ಮೂಲ ಕಾರಣ ಹುಡುಕೋ ಬದಲು ಅದನ್ನೇ ಕಿತ್ತು ಹಾಕೋದು ನಮ್ಮಲ್ಲಿ ಹಳೇ ಶಾರ್ಟ್‌ಕಟ್. ಆಮೇಲೆ ಇಂಜಿನ್ ಯಾವತ್ತೂ ಪೂರ್ತಿ ಬಿಸಿಯಾಗಲ್ಲ, ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡ್ತಾನೇ ಇರುತ್ತೆ. ಕೂಲಂಟ್ ಸೋರುತ್ತಿದ್ದ ಒಂದು ಹೋಸ್, ಹೊಸ ಥರ್ಮೋಸ್ಟಾಟ್, ಕೂಲಿ ಎಲ್ಲ ಸೇರಿ 2,600 ರೂಪಾಯಿ ಆಯ್ತು. ಟೈರ್ ಗಾಳಿ ಸರಿ ಮಾಡಿಸಿದೆ, ಏರ್ ಫಿಲ್ಟರ್ ಬದಲಿಸಿದೆ.

ಆಮೇಲೆ ಹಾಸನಕ್ಕೆ ಹೋಗಿ ಬಂದೆ. ಹೆದ್ದಾರಿಯಲ್ಲಿ ಲೀಟರಿಗೆ 16. ಕಾರಿನ ಆರೋಗ್ಯಕ್ಕೆ ಇದಕ್ಕಿಂತ ಒಳ್ಳೆ ಸರ್ಟಿಫಿಕೇಟ್ ಬೇಡ. ಅದೇ ಕಾರು, ಅದೇ ನಾನು, ಮರುದಿನದಿಂದ ಆಫೀಸ್ ದಾರಿಯಲ್ಲಿ 10.4.

ಹಳೇ ಕಾರು ನೋಡ್ತಿರೋರಿಗೆ ಎರಡು ಮಾತು. ಒಂದು, ಕೊಳ್ಳೋ ಮೊದಲು ಸ್ಕ್ಯಾನರ್ ಹಾಕಿ ಉಷ್ಣತೆ 90ರ ಹತ್ತಿರ ಏರಿ ಅಲ್ಲೇ ನಿಲ್ಲುತ್ತಾ ನೋಡಿ. ಮೈಲೇಜ್ ಅನುಮಾನ ಇದ್ರೆ ಗ್ಯಾರೇಜಿಗೆ ದುಡ್ಡು ಸುರಿಯೋ ಮೊದಲು ಹೆದ್ದಾರಿಯಲ್ಲಿ ನೂರು ಕಿ.ಮೀ. ಓಡಿಸಿ ಲೆಕ್ಕ ಹಾಕಿ. ಎರಡು, "ಡಾಕ್ಟರ್ ಗಾಡಿ ಸರ್, ಮನೆ ಕ್ಲಿನಿಕ್ ಬಿಟ್ಟು ಎಲ್ಲೂ ಹೋಗಿಲ್ಲ" ಅಂದ್ರೆ ಖುಷಿಪಡಬೇಡಿ. ಬರೀ ಸಣ್ಣ ಓಡಾಟದ ಕಾರಿನಲ್ಲಿ ಆಯಿಲ್‌ಗೆ ಸೇರಿದ ಪೆಟ್ರೋಲ್, ನೀರಿನ ಪಸೆ ಆವಿಯಾಗೋ ಅವಕಾಶವೇ ಸಿಗಲ್ಲ, ಬ್ಯಾಟರಿ ಪೂರ್ತಿ ಚಾರ್ಜ್ ಆಗಲ್ಲ. ಅಂಥ ಗಾಡಿಯ ಆಯಿಲ್ ಬದಲಿಸಬೇಕಾದ್ದು ಕಿ.ಮೀ. ನೋಡಿ ಅಲ್ಲ, ತಿಂಗಳು ನೋಡಿ.

ಉಳಿದದ್ದು ಗ್ಯಾರೇಜಿನಲ್ಲಿ ರಿಪೇರಿ ಆಗಲ್ಲ

9.2ರಿಂದ 10.4ಕ್ಕೆ ಬಂದದ್ದು ನನ್ನ ಕೈಲಾದದ್ದು. ಅಲ್ಲಿಂದ 17ರವರೆಗಿನ ಅಂತರ ನನ್ನ ಕಾಲಿನ ಕೆಳಗಿಲ್ಲ. ಆದ್ರೂ ನಮಗೆ ಸಿಗೋ ಸಲಹೆ ಏನು? ಮೆತ್ತಗೆ ಓಡಿಸಿ, ಬ್ರೇಕ್ ಕಮ್ಮಿ ಒತ್ತಿ, ಎಸಿ ಆಫ್ ಮಾಡಿ. ಊರಿನ ರೋಗಕ್ಕೆ ಡ್ರೈವರ್‌ಗೆ ಪಥ್ಯ.

ಬೆಂಗಳೂರಲ್ಲಿ ಪೆಟ್ರೋಲ್ ಸುಮಾರು 103 ರೂಪಾಯಿ ಅಂದ್ಕೊಂಡೇ ನಾನು ಲೆಕ್ಕ ಹಾಕಿದ್ದು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಲೀಟರಿಗೆ ಮೂರು ರೂಪಾಯಿ ಹೆಚ್ಚಾಯ್ತು. ಕೇಂದ್ರದ ಅಬಕಾರಿ ಸುಂಕ ಬೇರೆ. ಗೇಟ್ ಮುಂದೆ ನಿಂತು ಸುಡೋ ಪೆಟ್ರೋಲ್‌ಗೂ ಎರಡೂ ತೆರಿಗೆ ಕಟ್ತೀವಿ. ಅಂದ್ರೆ ರಸ್ತೆ ಸರಿಯಿಲ್ಲದೇ ಇರೋದಕ್ಕೂ ತೆರಿಗೆ. ಹಾಗಾದ್ರೆ ಕಾರು ಬಿಟ್ಟು ಬಸ್ಸು, ಮೆಟ್ರೋ ಹತ್ತಿ ಅಂತೀರಾ? 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿತು, ಫೆಬ್ರವರಿಯಲ್ಲಿ ಮೆಟ್ರೋ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯ್ತು. ಇದನ್ನೆಲ್ಲ ವಾರ್ಡ್ ಮಟ್ಟದಲ್ಲಿ ಯಾರನ್ನು ಕೇಳೋದು? 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ಊರಿಗೆ ಚುನಾಯಿತ ಕಾರ್ಪೊರೇಟರ್‌ಗಳೇ ಇರಲಿಲ್ಲ.

ಕೇಳಬೇಕಾದ್ದು ದೊಡ್ಡದೇನಲ್ಲ. ಅಮೆರಿಕದಲ್ಲಿ ಹೊಸ ಕಾರಿನ ಗಾಜಿನ ಮೇಲೆ ನಗರ, ಹೆದ್ದಾರಿ ಎರಡಕ್ಕೂ ಬೇರೆ ಬೇರೆ ಮೈಲೇಜ್ ಬರೆದಿರಬೇಕು. 2008ರ ಮಾಡೆಲ್‌ಗಳಿಂದ ಅಲ್ಲಿ ಎಸಿ, ಚಳಿ, ಹೆಚ್ಚಿನ ವೇಗ ಎಲ್ಲವನ್ನೂ ಲೆಕ್ಕಕ್ಕೆ ತಗೋತಾರೆ. ನಮಗೂ ಎಸಿ ಹಾಕಿ ಅಳೆದ, ನಗರದ ವೇಗಕ್ಕೆ ಬೇರೆಯಾಗಿ ಬರೆದ ಸಂಖ್ಯೆ ಬೇಕು. ಇ20ಯಿಂದ ಕಮ್ಮಿಯಾಗೋ ಶಕ್ತಿಯ ಲೆಕ್ಕ ಬೆಲೆಯಲ್ಲಿ ಕಾಣಬೇಕು. ನಾಲ್ಕೂವರೆ ಕಿ.ಮೀ.ಗೆ ಒಂದು ಟನ್‌ಗಿಂತ ಭಾರದ ಗಾಡಿ ತೆಗೆಯೋದು ಬೇಡ ಅನ್ನಿಸೋ ಹಾಗೆ ಬಸ್ಸು, ಫುಟ್‌ಪಾತ್ ಇರಬೇಕು.

ನಾನು ಆ ಕಾರು ಮಾರಲಿಲ್ಲ. ಅಪ್ಪನ ಫಿಸಿಯೋಥೆರಪಿ, ತರಕಾರಿ, ಬ್ಯಾಂಕ್ ಕೆಲಸ ಎಲ್ಲವನ್ನೂ ಒಂದೇ ಸುತ್ತಿಗೆ ಸೇರಿಸ್ತೀನಿ, ಇಂಜಿನ್ ಒಮ್ಮೆ ಬಿಸಿಯಾದ್ರೆ ಸಾಕು ಅಂತ. ಗೇಟ್ ಹಾಕಿದ್ರೆ ಇಂಜಿನ್ ಆಫ್. ಮೊನ್ನೆ ಹಾಗೆ ಆಫ್ ಮಾಡಿ ಕೂತಿದ್ದಾಗ ಅಪ್ಪ ಸುತ್ತ ಗುರುಗುಡ್ತಿದ್ದ ಗಾಡಿಗಳನ್ನು ನೋಡಿ ಕೇಳಿದ್ರು: "ಇಷ್ಟೂ ಜನದ ಪೆಟ್ರೋಲ್ ದುಡ್ಡು ಒಟ್ಟು ಹಾಕಿದ್ರೆ ಇಲ್ಲೊಂದು ಸೇತುವೆ ಆಗ್ತಿರಲಿಲ್ವೇನೋ?"