ಕಂಪವಾತ: ಮಾತ್ರೆ, ನಸುಗುನ್ನಿ ಮತ್ತು ಊಟದ ವೇಳೆ

ನಮ್ಮ ದೇಹದ ಪ್ರತಿಯೊಂದು ಚಲನೆಯೂ ಮಿದುಳಿನ ನರಕೋಶಗಳ ಪರಸ್ಪರ ಸಂದೇಶ ವಿನಿಮಯದ ಫಲ. ಒಂದು ನರಕೋಶಕ್ಕೂ ಮತ್ತೊಂದಕ್ಕೂ ನಡುವೆ ಅತಿಸೂಕ್ಷ್ಮವಾದ ತೆರವಿರುತ್ತದೆ. ಅದನ್ನು ದಾಟಿ ಸಂದೇಶವನ್ನು ಒಯ್ಯುವ ರಾಸಾಯನಿಕಗಳಿಗೆ ನರಸಂದೇಶವಾಹಕಗಳೆಂದು ಹೆಸರು. ಡೋಪಮೈನ್ ಅವುಗಳಲ್ಲಿ ಒಂದು. ನಡುಮಿದುಳಿನ ಕಪ್ಪುಛಾಯೆಯ ಚಿಕ್ಕ ಭಾಗವೊಂದರ ಕೋಶಗಳು ಇದನ್ನು ತಯಾರಿಸುತ್ತವೆ. ಈ ಕೋಶಗಳು ನಶಿಸುತ್ತ ಹೋದಂತೆ ಕೈ ನಡುಗುತ್ತದೆ, ಅಂಗಗಳು ಬಿಗಿಯುತ್ತವೆ, ನಡಿಗೆ ನಿಧಾನವಾಗುತ್ತದೆ, ಬರೆಯುವ ಅಕ್ಷರ ಕಿರಿದಾಗುತ್ತದೆ. ಆಯುರ್ವೇದದ ಕಂಪವಾತವನ್ನು ಬಹುಮಟ್ಟಿಗೆ ಹೋಲುವ ಈ ರೋಗವನ್ನು 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದುದರಿಂದ ಅದಕ್ಕೆ ಪಾರ್ಕಿನ್ಸನ್ ಕಾಯಿಲೆಯೆಂಬ ಹೆಸರು ಬಂದಿತು.

ಡೋಪಮೈನನ್ನೇ ಔಷಧಿಯಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳನ್ನು ಪ್ರವೇಶಿಸಲಾರದು. ಅದರ ಪೂರ್ವರೂಪವಾದ ಲೆವೋಡೋಪಾ ಪ್ರವೇಶಿಸಬಲ್ಲದು. ಒಳಹೊಕ್ಕು ಡೋಪಮೈನ್ ಆಗಿ ಮಾರ್ಪಡುತ್ತದೆ. ಈ ಲೆವೋಡೋಪಾ ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿದೆ ಎಂಬುದನ್ನು 1937ರಲ್ಲಿಯೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ತೋರಿಸಿದ್ದರು. ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಕೊರತೆಯಿರುವುದನ್ನು ವಿಯೆನ್ನಾದ ಹಾರ್ನಿಕೀವಿಚ್ 1960ರಲ್ಲಿ ಪ್ರಕಟಿಸಿದರು. 1967ರಲ್ಲಿ ಅಮೆರಿಕದ ಕೊಟ್ಸಿಯಾಸ್ ಅವರ ಪ್ರಯೋಗಗಳಿಂದ ಬಾಯಿಯ ಮೂಲಕ ಕೊಡುವ ಚಿಕಿತ್ಸೆ ನೆಲೆಗೊಂಡಿತು. ಇಂದಿನ ಮಾತ್ರೆಯಲ್ಲಿ ಲೆವೋಡೋಪಾದೊಡನೆ ಕಾರ್ಬಿಡೋಪಾ ಇರುತ್ತದೆ. ಔಷಧಿಯು ಮಿದುಳನ್ನು ತಲುಪುವ ಮೊದಲೇ ವ್ಯಯವಾಗುವುದನ್ನು ಅದು ತಡೆಯುತ್ತದೆ.

"ಮಾತ್ರೆ ಬೆಳಿಗ್ಗೆ ಚೆನ್ನಾಗಿ ಹಿಡಿಯುತ್ತದೆ, ಮಧ್ಯಾಹ್ನ ಕೆಲಸವನ್ನೇ ಮಾಡುವುದಿಲ್ಲ" ಎಂದು ಹೇಳುವ ರೋಗಿಗಳು ಅನೇಕ. ಇದಕ್ಕೆ ಊಟವೂ ಒಂದು ಕಾರಣವಾಗಿರಬಹುದು. ಬೇಳೆ, ಕಾಳು, ಹಾಲು, ಮೊಸರುಗಳ ಪ್ರೋಟೀನು ಜೀರ್ಣವಾದಾಗ ಅಮೈನೋ ಆಮ್ಲಗಳಾಗುತ್ತದೆ. ಕರುಳಿನಲ್ಲಿಯೂ ಮಿದುಳಿನ ಪ್ರವೇಶದಲ್ಲಿಯೂ ಇವುಗಳಲ್ಲಿ ಕೆಲವಕ್ಕೂ ಲೆವೋಡೋಪಾಗೂ ಇರುವುದು ಒಂದೇ ಬಾಗಿಲು. ಅಲ್ಲಿ ನೂಕುನುಗ್ಗಲಾದರೆ ಔಷಧಿ ಹಿಂದುಳಿಯುತ್ತದೆ.

ಆದುದರಿಂದ ಈ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾದ ಒಂದೆರಡು ಗಂಟೆಗಳ ನಂತರ ನೀರಿನೊಡನೆ ಸೇವಿಸುವುದು ಸಾಮಾನ್ಯವಾಗಿ ಹಿತಕರ. ಹಾಲಿನೊಡನೆ ನುಂಗುವ ರೂಢಿ ಬೇಡ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುವವರು ಒಂದು ಬಾಳೆಹಣ್ಣನ್ನೋ ಸ್ವಲ್ಪ ಮಂಡಕ್ಕಿಯನ್ನೋ ತಿನ್ನಬಹುದು. ಕಬ್ಬಿಣಾಂಶದ ಮಾತ್ರೆಯಿದ್ದರೆ ಎರಡು ಗಂಟೆಗಳ ಅಂತರವಿರಲಿ. ಮಲಬದ್ಧತೆಯಾಗದಂತೆ ಸೊಪ್ಪು, ಹಣ್ಣು, ನೀರು ಸಾಕಷ್ಟಿರಬೇಕು. ಆದರೆ ಪ್ರೋಟೀನನ್ನೇ ತ್ಯಜಿಸಬಾರದು. ಹಾಗೆ ಮಾಡಿದರೆ ಮೊದಲೇ ಕೃಶವಾದ ಶರೀರ ಇನ್ನಷ್ಟು ಸೊರಗುತ್ತದೆ. ಮಧ್ಯಾಹ್ನ ತೊಂದರೆಯಾಗುವವರು ವೈದ್ಯರ ಸಲಹೆಯಂತೆ ಬೇಳೆಕಾಳುಗಳ ಹೆಚ್ಚಿನ ಪಾಲನ್ನು ರಾತ್ರಿಯ ಊಟಕ್ಕೆ ಇರಿಸಿಕೊಳ್ಳಬಹುದು.

ಇನ್ನು ನಸುಗುನ್ನಿಯ ವಿಚಾರ. ಶಾಸ್ತ್ರದಲ್ಲಿ ಕಪಿಕಚ್ಛು, ಆತ್ಮಗುಪ್ತಾ ಎಂದು ಪ್ರಸಿದ್ಧವಾದ ಇದರ ಬೀಜವನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು ಶುದ್ಧಿಮಾಡಿದ ನಂತರವೇ ಬಳಸುತ್ತಾರೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯಕಾರಿ ಎಂದು ಭಾವಿಸುವುದು ತಪ್ಪು. ಅದರಲ್ಲಿರುವುದೂ ಮಾತ್ರೆಯಲ್ಲಿರುವ ಲೆವೋಡೋಪಾವೇ. ಅದರ ಪ್ರಮಾಣ ಮಾತ್ರ ಬೀಜದಿಂದ ಬೀಜಕ್ಕೆ, ಚೂರ್ಣದಿಂದ ಚೂರ್ಣಕ್ಕೆ ಬದಲಾಗುತ್ತದೆ. ಮಾತ್ರೆಯ ಜೊತೆಗೆ ಚೂರ್ಣವನ್ನೂ ತಾವಾಗಿಯೇ ಸೇರಿಸಿಕೊಂಡರೆ ಅಂಗಗಳು ಅನೈಚ್ಛಿಕವಾಗಿ ತಿರುಚಿಕೊಳ್ಳುವುದು, ರಕ್ತದೊತ್ತಡ ಕುಸಿಯುವುದು, ಇಲ್ಲದುದು ಕಾಣಿಸುವುದು ಮುಂತಾದ ತೊಂದರೆಗಳು ಉಂಟಾಗಬಹುದು. ಚೂರ್ಣವನ್ನು ನಂಬಿ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸುವುದು ಅದಕ್ಕಿಂತಲೂ ಅಪಾಯ. ತೀವ್ರ ಜ್ವರ, ಮೈಬಿಗಿತ, ಪ್ರಜ್ಞೆಯ ಏರುಪೇರುಗಳಿಂದ ಪ್ರಾಣಕ್ಕೇ ಸಂಚಕಾರ ಬರಬಹುದು.

ಡೋಪಮೈನಿನ ಕೆಲಸಕ್ಕೆ ಅಡ್ಡಿಯಾಗುವ ಔಷಧಿಗಳೂ ಇವೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನಿಗೆ ಕೊಡುವ ಫ್ಲುನರಿಜಿನ್, ಮಾನಸಿಕ ರೋಗಕ್ಕೆ ಕೊಡುವ ಹ್ಯಾಲೋಪೆರಿಡಾಲ್ ಅಂತಹವು. ಇವು ಇರುವ ನಡುಕವನ್ನು ಹೆಚ್ಚಿಸಬಲ್ಲವು. ಇಲ್ಲದವರಲ್ಲಿಯೂ ನಡುಕ, ಬಿಗಿತಗಳನ್ನು ತರಬಲ್ಲವು. ಹಿರಿಯರಲ್ಲಿ ನಡುಕ ಹೊಸದಾಗಿ ಕಾಣಿಸಿಕೊಂಡರೆ ವಯಸ್ಸಿನ ಪ್ರಭಾವವೆಂದು ಸುಮ್ಮನಿರದೆ, ಅವರು ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ ವೈದ್ಯರಿಗೆ ತೋರಿಸಬೇಕು.

ಆಯುರ್ವೇದದ ಚೂರ್ಣವನ್ನು ನರರೋಗ ತಜ್ಞರಿಂದಾಗಲಿ, ಅಲೋಪತಿಯ ಮಾತ್ರೆಯನ್ನು ಆಯುರ್ವೇದ ವೈದ್ಯರಿಂದಾಗಲಿ ಮುಚ್ಚಿಡಬಾರದು. ಮಾತ್ರೆಯ ವೇಳೆ, ಊಟದ ವೇಳೆ, ನಡುಕ ಹೆಚ್ಚಿದ ವೇಳೆ ಇವನ್ನು ಮನೆಯವರು ಒಂದು ವಾರ ಬರೆದಿಟ್ಟುಕೊಂಡು ಹೋದರೆ, ಔಷಧಿಯ ಪ್ರಮಾಣವನ್ನು ನಿರ್ಧರಿಸಲು ವೈದ್ಯರಿಗೆ ಬಹಳ ನೆರವಾಗುತ್ತದೆ.