ಮಂದಾಗ್ನಿಯ ಗುಣ

ವೈದ್ಯರ ಮಾತಿನಲ್ಲಿ ಮಂದಾಗ್ನಿ ಎಂಬುದು ಒಂದು ದೋಷ. ಉಂಡದ್ದು ಹೊಟ್ಟೆಯಲ್ಲಿ ಅರಗದೆ ನಿಂತರೆ ಜಠರದ ಅಗ್ನಿ ಮಂದವಾಗಿದೆಯೆಂದು ಅವರು ಹೇಳುತ್ತಾರೆ. ಆದರೆ ಇದೇ ಮಂದಾಗ್ನಿ ಜಠರವನ್ನು ಬಿಟ್ಟು ಒಲೆಗೆ ಬಂದಿತೆಂದರೆ ದೋಷ ಹೋಗಿ ಗುಣವಾಗುತ್ತದೆ. ಉರಿಗೆ ಮಣಿಯದ ಪದಾರ್ಥವು ಕಾವಿಗೆ ಮಣಿಯುವುದನ್ನು ಅಡುಗೆ ಬಲ್ಲವರೆಲ್ಲರೂ ಕಂಡಿದ್ದಾರೆ. ಗಟ್ಟಿಯಾದ ಮಾಂಸವನ್ನೂ ಆಲೂಗಡ್ಡೆಯನ್ನೂ ಒಂದೇ ಪಾತ್ರೆಯಲ್ಲಿಟ್ಟು ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಬೇಯಿಸುವ ಊಟವೊಂದನ್ನು ಮುಂದಿಟ್ಟುಕೊಂಡು ಈ ಗುಣವನ್ನು ವಿಚಾರಿಸಬೇಕೆಂದಿದ್ದೇನೆ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರವನ್ನು ನಾಡಿನ ಜನ ಬಲ್ಲರು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದು ಸಾಲಿನ ಕಾರಣಿಕಕ್ಕಾಗಿ ಲಕ್ಷಾಂತರ ಜನ ಅಲ್ಲಿ ನೆರೆಯುತ್ತಾರೆ. ನಾನು ಹೇಳಹೊರಟದ್ದು ಜಾತ್ರೆಯ ಮಾತಲ್ಲ, ಆ ಸುತ್ತಿನ ಒಲೆಯ ಮಾತು. ತುಂಗಭದ್ರೆಯಿಂದ ಆಚೆಗೆ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಕಡೆಗೆ ನಡೆದಂತೆ ಮರ ವಿರಳವಾಗುತ್ತದೆ, ಸೌದೆ ದುರ್ಲಭವಾಗುತ್ತದೆ. ಜೋಳದ ದಂಟು ದನದ ಮೇವು, ಅದನ್ನು ಸುಡುವಂತಿಲ್ಲ. ಉಳಿದದ್ದು ಹತ್ತಿಯ ಕಟ್ಟಿಗೆ, ಎಲ್ಲೆಂದರಲ್ಲಿ ಹಬ್ಬಿದ ಬಳ್ಳಾರಿ ಜಾಲಿ, ಮತ್ತು ಗೋಡೆಗೆ ತಟ್ಟಿ ಒಣಗಿಸಿದ ಕುಳ್ಳು. ಹತ್ತಿಯ ಕಟ್ಟಿಗೆ ಭಗ್ಗನೆ ಉರಿದು ಆರಿಹೋಗುತ್ತದೆ. ರೊಟ್ಟಿಗೆ ಅದು ಸರಿ. ಕುಳ್ಳು ಹಾಗಲ್ಲ. ಅದು ಜ್ವಾಲೆಯನ್ನು ಎತ್ತದೆ ಒಳಗೊಳಗೇ ಕೆಂಡವಾಗಿ, ಮೇಲೆ ಬೂದಿಯ ಹೊದಿಕೆ ಹೊದ್ದು, ಬಹಳ ಹೊತ್ತು ಒಂದೇ ಸಮನಾದ ಕಾವನ್ನು ಕೊಡುತ್ತದೆ. ಹಾಲಿಗೆ ಕೆನೆ ಕಟ್ಟಿಸುವುದೂ ಗಟ್ಟಿ ಕಾಳನ್ನು ಬೇಯಿಸುವುದೂ ಇದರ ಮೇಲೆಯೇ. ವಿದ್ಯುತ್ತಿನ ಮಂದಪಾತ್ರೆಯನ್ನು ಕಾಣುವ ಮೊದಲೇ ಈ ಸೀಮೆಯ ಹೆಂಗಸರು ಅದರ ಕೆಲಸವನ್ನು ಬಲ್ಲವರಾಗಿದ್ದರು.

ಈ ಕಾವು ಬೇಕಾದದ್ದೇಕೆಂಬುದಕ್ಕೆ ಉತ್ತರ ಮಾಂಸದ ರಚನೆಯಲ್ಲಿದೆ. ಬಯಲುಸೀಮೆಯ ಕುರಿ ದಿನವೂ ಮೈಲಿಗಟ್ಟಲೆ ನಡೆದು ಮೇಯುವ ಪ್ರಾಣಿ. ಗೇಯುವ ಎತ್ತು ಕೋಣಗಳ ಮಾತನ್ನು ಹೇಳುವುದೇ ಬೇಡ. ನಡೆಯುವ, ಎಳೆಯುವ, ಭಾರ ಹೊರುವ ಅಂಗಗಳಲ್ಲಿ, ಎಂದರೆ ಮೊಣಕಾಲಿನ ಕೆಳಭಾಗ, ಭುಜ, ಕುತ್ತಿಗೆ, ಎದೆಗಳಲ್ಲಿ, ಸ್ನಾಯುವಿನ ಎಳೆಗಳನ್ನು ಕಟ್ಟಿಹಿಡಿಯುವ ಕೊಲಾಜನ್ ಎಂಬ ನಾರು ಹೇರಳವಾಗಿರುತ್ತದೆ. ಪ್ರಾಣಿಗೆ ವಯಸ್ಸಾದಂತೆ ಈ ನಾರಿನ ಬಂಧಗಳು ಬಿಗಿಯುತ್ತವೆ. ಇಂಥ ಮಾಂಸವನ್ನು ದೊಡ್ಡ ಉರಿಯಲ್ಲಿ ಕುದಿಸಿದರೆ, 60 ಡಿಗ್ರಿ ದಾಟಿದ ಕೂಡಲೆ ಎಳೆಗಳು ಮುದುಡಿ ತಮ್ಮ ನೀರನ್ನು ಹಿಂಡಿಬಿಡುತ್ತವೆ. ನಾರು ಮಾತ್ರ ಇದ್ದಂತೆಯೇ ಇರುತ್ತದೆ. ಅರ್ಧ ಗಂಟೆಯ ಕುದಿತದ ನಂತರ ಬಾಯಿಗಿಟ್ಟವರಿಗೆ ಚರ್ಮ ಅಗಿದಂತಾಗುವುದು ಇದರಿಂದ. 70 ಡಿಗ್ರಿಯಿಂದ ಮೇಲೆ ನಾರು ನಿಧಾನವಾಗಿ ಕರಗಿ ಜೆಲಟಿನ್ ಎಂಬ ಅಂಟಾದ ದ್ರವವಾಗತೊಡಗುತ್ತದೆ. 90ರ ಆಸುಪಾಸಿನಲ್ಲಿ ಆ ಕೆಲಸ ಚುರುಕಾಗುತ್ತದೆ, ಆದರೂ ಗಂಟೆಗಳನ್ನು ಬೇಡುತ್ತದೆ. ಸಾರಿಗೆ ತುಟಿಗಂಟುವ ಜಿಗಟು ಬರುವುದು, ತುಂಡು ಬೆರಳಿಗೆ ಬಿಡಿಯುವುದು ಆಗ. ಹೆಚ್ಚು ಬೆಲೆ ಕೊಟ್ಟು ತಂದ ಎಳೆಯ ತೊಡೆಯ ಮಾಂಸಕ್ಕೆ ಈ ಸಿದ್ಧಿ ಇಲ್ಲ. ಕರಗಬೇಕಾದ ನಾರೇ ಅದರಲ್ಲಿ ಕಡಿಮೆ. ಬಡವನ ಪಾಲಿಗೆ ಬಂದ ತುಂಡಿನಲ್ಲಿಯೇ ಹೆಚ್ಚಿನ ರುಚಿ ಅಡಗಿದೆ, ಅದಕ್ಕೆ ಹೊತ್ತನ್ನು ಕೊಡಬಲ್ಲವರಿಗೆ ಮಾತ್ರ.

ಆಲೂಗಡ್ಡೆಯ ಸ್ವಭಾವ ಬೇರೆ. ಅದರ ಕಣಗಳನ್ನು ಒಂದಕ್ಕೊಂದು ಬೆಸೆದಿರುವುದು ಪೆಕ್ಟಿನ್ ಎಂಬ ಅಂಟು. ಅದು ಸಡಿಲಗೊಳ್ಳಬೇಕಾದರೆ 85 ಡಿಗ್ರಿಗಿಂತ ಹೆಚ್ಚಿನ ಕಾವು ಬೇಕು. 55-65 ಡಿಗ್ರಿಯಲ್ಲಿ ಬಹಳ ಹೊತ್ತು ಉಳಿದರೆ ಆ ಅಂಟು ಸಡಿಲವಾಗುವುದಿರಲಿ, ಮತ್ತಷ್ಟು ಗಟ್ಟಿಯಾಗುತ್ತದೆ. ಹುಳಿಯ ಸಂಗಕ್ಕೂ ಇದೇ ಫಲ. ಹುಣಸೆಯನ್ನೋ ಟೊಮೆಟೊವನ್ನೋ ಮೊದಲೇ ಸುರಿದ ಸಾರಿನಲ್ಲಿ ಆಲೂಗಡ್ಡೆ ಎಷ್ಟು ಬೇಯಿಸಿದರೂ ಕಲ್ಲಿನಂತೆ ನಿಲ್ಲುವುದುಂಟು. ಇವೆರಡನ್ನು ನೆನಪಿನಲ್ಲಿಟ್ಟರೆ ಅಡುಗೆಯ ಕ್ರಮ ತಾನಾಗಿ ತಿಳಿಯುತ್ತದೆ. ಮಡಕೆ ಕುದಿಯ ಅಂಚಿನಲ್ಲಿರುವ ಒಲೆಯ ಮೇಲೆ ಗಡ್ಡೆಯನ್ನು ಕೊನೆಯ ಮುಕ್ಕಾಲು ಗಂಟೆಯಲ್ಲಿ ಹಾಕಬೇಕು, ಇಲ್ಲವಾದರೆ ಕರಗಿಹೋದೀತು. ನಿಧಾನವಾಗಿ ಕಾಯುವ ವಿದ್ಯುತ್ ಪಾತ್ರೆಯಲ್ಲಾದರೆ ಮೊದಲೇ, ಕಾವಿಗೆ ಹತ್ತಿರವಾದ ತಳದಲ್ಲಿ ಇಡಬೇಕು. ಎರಡರಲ್ಲಿಯೂ ಹುಳಿ ಕೊನೆಗೆ.

ನಮ್ಮ ಪ್ರಾಚೀನ ಪಾಕಗ್ರಂಥಗಳಲ್ಲಿ ಈ ಊಟವನ್ನು ಹುಡುಕುವವರಿಗೆ ನಿರಾಶೆ ಕಾದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದಲ್ಲಿ ಮಾಂಸದ ಪಾಕಗಳು ವಿಪುಲವಾಗಿವೆ, ಆದರೆ ಅವು ಅರಮನೆಯ ಬಾಣಸಕ್ಕೆ ಸೇರಿದವು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ ಸಸ್ಯಾಹಾರದ ಗ್ರಂಥ. ಆಲೂಗಡ್ಡೆಯಂತೂ ಇಬ್ಬರ ಅಡುಗೆಮನೆಯನ್ನೂ ಕಂಡಿರಲಿಲ್ಲ. ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ಹುಟ್ಟಿದ ಆ ಗಡ್ಡೆ ಐರೋಪ್ಯರೊಡನೆ ಕಡಲು ದಾಟಿ ಬಂದದ್ದು ಅನಂತರ. ಉತ್ತರ ಕರ್ನಾಟಕದವರು ಅದನ್ನು ಬಟಾಟೆಯೆನ್ನುವಾಗ ಪೋರ್ತುಗೀಸರ ನಾಲಗೆಯ ಗುರುತು ಇನ್ನೂ ಕೇಳಿಸುತ್ತದೆ. ವಿಜಯನಗರವನ್ನು 1530ರ ದಶಕದಲ್ಲಿ ವರ್ಣಿಸಿದ ಪೋರ್ತುಗೀಸ್ ವ್ಯಾಪಾರಿ ನೂನಿಜ್, ಅಲ್ಲಿನ ಅರಸರು ಗೋಮಾಂಸವೊಂದನ್ನುಳಿದು ಕುರಿ, ಹಂದಿ, ಜಿಂಕೆ, ಹಕ್ಕಿಗಳನ್ನೆಲ್ಲ ಉಣ್ಣುತ್ತಿದ್ದರೆಂದೂ ಅವು ನಗರದ ಪೇಟೆಯಲ್ಲಿ ಮಾರಾಟವಾಗುತ್ತಿದ್ದವೆಂದೂ ಬರೆದಿದ್ದಾನೆ. ಮೈಲಾರವೂ ಹಂಪೆಯೂ ಇಂದು ಒಂದೇ ಜಿಲ್ಲೆಯಲ್ಲಿವೆ. ಅರಸನ ಊಟ ಹೀಗೆ ದಾಖಲಾಯಿತು. ಮುದಿ ಪ್ರಾಣಿಯ ಕಾಲನ್ನು ರಾತ್ರಿಯೆಲ್ಲ ಬೇಯಿಸಿದವಳ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ.

ಯಂತ್ರದ ಕಥೆಯನ್ನೂ ಇಷ್ಟು ಕೇಳಿರಿ. ಬಂಗಾಳದ ಇಂದುಮಾಧವ ಮಲ್ಲಿಕರು 1910ರಲ್ಲಿ ‘ಇಕ್ಮಿಕ್ ಕುಕ್ಕರ್’ ಎಂಬ ಸಾಧನವನ್ನು ರೂಪಿಸಿದರು. ಕೆಳಗೆ ಇದ್ದಲಿನ ಸಣ್ಣ ಕಾವು, ಮೇಲೆ ಒಂದರ ಮೇಲೊಂದು ಡಬ್ಬಿ. ಅನ್ನ, ಬೇಳೆ, ಮಾಂಸಗಳು ಹಬೆಯಲ್ಲಿ ತಮ್ಮಷ್ಟಕ್ಕೆ ಬೇಯುತ್ತಿದ್ದವು. ಅಮೆರಿಕದಲ್ಲಿ ಇರ್ವಿಂಗ್ ನ್ಯಾಕ್ಸನ್ ಎಂಬಾತ 1940ರಲ್ಲಿ ವಿದ್ಯುತ್ತಿನ ಮಂದಪಾತ್ರೆಗೆ ಹಕ್ಕುಪತ್ರ ಪಡೆದನು. ಸಬ್ಬತ್ತಿನ ದಿನ ಬೆಂಕಿ ಹೊತ್ತಿಸಬಾರದೆಂಬ ಯಹೂದಿ ನಿಯಮಕ್ಕಾಗಿ, ಶುಕ್ರವಾರ ಸಂಜೆಯೇ ಮಾಂಸ, ಕಾಳು, ಗಡ್ಡೆಗಳ ಮಡಕೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿಟ್ಟು ಮರುದಿನ ತೆಗೆಯುತ್ತಿದ್ದ ಲಿಥುವೇನಿಯದ ಪದ್ಧತಿಯನ್ನು ತಾಯಿಯಿಂದ ಕೇಳಿದ್ದು ಅವನಿಗೆ ಪ್ರೇರಣೆಯಾಯಿತಂತೆ. 1971ರಲ್ಲಿ ಅದೇ ಪಾತ್ರೆ ‘ಕ್ರಾಕ್-ಪಾಟ್’ ಎಂಬ ಹೆಸರಿನಿಂದ ಪೇಟೆಗೆ ಬಂದು, ಹೊರಗೆ ದುಡಿಯುವ ಹೆಂಗಸರಿಂದಾಗಿ ಮನೆಮಾತಾಯಿತು. ಕಳೆ ಕೀಳಲು ಹೋಗುವ ಮುನ್ನ ಮಡಕೆಯನ್ನು ಕುಳ್ಳಿನ ಮೇಲಿಟ್ಟವಳ ಅಗತ್ಯವೂ ಅದೇ ಆಗಿತ್ತಲ್ಲವೆ?

ಇನ್ನು ಅಡುಗೆಗೆ ಬರೋಣ. ಆರು ಜನರಿಗೆ ಒಂದು ಕಿಲೋ ಮಾಂಸ, ಆರುನೂರು ಗ್ರಾಂ ಆಲೂಗಡ್ಡೆ, ನಾಲ್ಕು ಈರುಳ್ಳಿ. ಮಾಂಸದ ತುಂಡು ಎರಡು ಅಂಗುಲದಷ್ಟಿರಲಿ. ಎಲುಬಿದ್ದರೆ ಇನ್ನೂ ಒಳ್ಳೆಯದು. ಎಂಟು ಒಣಮೆಣಸಿನಕಾಯಿ, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಸಣ್ಣ ಚಮಚ ಜೀರಿಗೆ, ನಾಲ್ಕು ಲವಂಗ, ತುಸು ಚಕ್ಕೆ, ಒಂದು ಹಿಡಿ ಒಣಕೊಬ್ಬರಿ, ಇವನ್ನು ಹುರಿದು ಶುಂಠಿ ಬೆಳ್ಳುಳ್ಳಿಯೊಡನೆ ಅರೆಯಬೇಕು. ಮಾಂಸದ ನೀರನ್ನು ಒರೆಸಿ, ಸ್ವಲ್ಪ ಸ್ವಲ್ಪವಾಗಿ ಕಾದ ಎಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿಯಿರಿ. ನೀರಿನಲ್ಲಿ ಕುದಿಯುವ ಪದಾರ್ಥ ನೂರು ಡಿಗ್ರಿಯನ್ನು ಮೀರಲಾರದ್ದರಿಂದ ಆ ಹುರಿದ ಕಂಪು ಮಡಕೆಯೊಳಗೆ ಹುಟ್ಟಲಾರದು, ಮೊದಲೇ ಗಳಿಸಬೇಕು. ಈರುಳ್ಳಿಯನ್ನೂ ಮಸಾಲೆಯನ್ನೂ ಬಾಡಿಸಿ, ಉಪ್ಪು ಹಾಕಿ, ಬಿಸಿನೀರು ಎರೆದು ಒಂದು ಕುದಿ ಬರಿಸಿ. ಮಡಕೆಯಾದರೆ ಮುಚ್ಚಳದ ಮೇಲೊಂದು ತಟ್ಟೆಯಲ್ಲಿ ನೀರಿಡಿರಿ: ಒಳಗಿನ ಹಬೆ ತಣಿದು ಮರಳಿ ಹನಿಯುತ್ತದೆ, ಸಾರು ಬತ್ತಿದಾಗ ಎರೆಯಲು ಬಿಸಿನೀರೂ ದೊರೆಯುತ್ತದೆ. ಕುಳ್ಳಿನ ಕಾವಿನಲ್ಲಿ ಮೂರು ಗಂಟೆಯಾದರೂ ಬೇಕು. ವಿದ್ಯುತ್ ಪಾತ್ರೆಗೆ ಎರಡೇ ಲೋಟ ನೀರು ಸಾಕು. ಸಣ್ಣ ಕಾವಿನಲ್ಲಿ ಎಂಟು ಗಂಟೆ, ದೊಡ್ಡದರಲ್ಲಿ ನಾಲ್ಕೈದು. ನಡುನಡುವೆ ಮುಚ್ಚಳ ತೆಗೆಯುವ ಕುತೂಹಲವನ್ನು ಅಡಗಿಸಿಕೊಳ್ಳಿರಿ. ತೆಗೆದಾಗಲೆಲ್ಲ ಕಾವು ಇಳಿಯುತ್ತದೆ. ಹಿಮಗಟ್ಟಿದ ಮಾಂಸವನ್ನು ಹಾಗೆಯೇ ಹಾಕಲಾಗದು. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೆಳೆಯುತ್ತವೆ, ಆ ಎಲ್ಲೆಯನ್ನು ಬೇಗ ದಾಟಿಸುವುದಕ್ಕಾಗಿಯೇ ಮೊದಲ ಕುದಿ. ಇಳಿಸುವ ಮುನ್ನ ನಿಂಬೆಯಷ್ಟು ಹುಣಸೆಯ ರಸ. ಬಿಸಿ ಜೋಳದ ರೊಟ್ಟಿಯನ್ನು ಮುರಿದು ಅದರ ಮೇಲೆ ಸಾರೆರೆದುಕೊಂಡರೆ ಊಟ ಪೂರ್ಣ.

ಯಾವ ಮಾಂಸ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಹೊರದೇಶಗಳಲ್ಲಿ ಈ ಊಟ ದನದ ಮಾಂಸದಿಂದಲೇ ಆಗುತ್ತದೆ. ನಮ್ಮ ಕೇರಿಗಳಲ್ಲಿಯೂ ದೊಡ್ಡ ಮಾಂಸ ತಲೆತಲಾಂತರದ ಆಹಾರವಾಗಿತ್ತೆಂಬುದು, ಅದನ್ನು ಉಂಡವರು ಆ ಕಾರಣಕ್ಕಾಗಿಯೇ ಅವಮಾನವನ್ನೂ ಉಂಡರೆಂಬುದು, ದಲಿತ ಲೇಖಕರ ಆತ್ಮಕಥನಗಳನ್ನು ಓದಿದ ತಮಗೆ ಹೊಸದಲ್ಲ. ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯ್ದೆ ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳನ್ನುಳಿದು ಮಿಕ್ಕ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಗಡಿಯಾಚೆ ಕಾಸರಗೋಡಿನ ಕನ್ನಡಿಗರಿಗೆ ಕೇರಳದ ಕಾನೂನು ಬೇರೆ. ಆದ್ದರಿಂದ ಮೈಲಾರದ ಸುತ್ತಿನ ಒಲೆಗೆ ನಾನು ಹೇಳುವುದು ವಯಸ್ಸಾದ ಕುರಿಯ ಕಾಲು ಭುಜಗಳನ್ನು. ಮಾಂಸ ಉಣ್ಣದವರು ಹುರುಳಿಯನ್ನೋ ಅಲಸಂದೆಯನ್ನೋ ನೆನೆಸಿ ಹೀಗೆಯೇ ಬೇಯಿಸಬಹುದು. ಒಲೆಯು ಯಾರ ಜಾತಿಯನ್ನೂ ಕೇಳುವುದಿಲ್ಲ, ಕೇಳುವುದು ಹೊತ್ತನ್ನು ಮಾತ್ರ.

ಆದರೆ ಹೊತ್ತು ಯಾರದು? ಕುಳ್ಳು ತಟ್ಟಿದವಳು, ಹೊಗೆಯಲ್ಲಿ ಕಣ್ಣುಜ್ಜಿಕೊಂಡವಳು, ಕೊನೆಗೆ ತಳದ ಸಾರನ್ನು ಉಂಡವಳು ಒಬ್ಬಳೇ. ಇಂದು ಅನಿಲದ ಒಲೆ, ಒತ್ತಡದ ಕುಕ್ಕರು ಬಂದು ಅವಳ ಹೊಗೆಯನ್ನು ತಪ್ಪಿಸಿವೆ, ಅದಕ್ಕಾಗಿ ಸಂತೋಷಪಡೋಣ. ಜೊತೆಗೆ, ಯಾವ ಕೆಂಡಕ್ಕೆ ಎಷ್ಟು ಬೂದಿ ಮುಚ್ಚಬೇಕು, ಯಾವ ತುಂಡು ಎಷ್ಟು ಹೊತ್ತು ಬೇಡುತ್ತದೆ ಎಂಬ ಅವಳ ಲೆಕ್ಕವೂ ಮರೆಯಾಗುತ್ತಿದೆ. ನಾವು ತಾಳೆಗರಿಗಳನ್ನು ಹುಡುಕಿ ಅಚ್ಚು ಹಾಕಿದೆವು. ತಮ್ಮ ಮನೆಯಲ್ಲೋ ನೆರೆಯಲ್ಲೋ ಈ ಲೆಕ್ಕವನ್ನು ಬಲ್ಲ ಅಜ್ಜಿಯೊಬ್ಬರಿದ್ದರೆ, ಒಂದು ಸಂಜೆ ಅವರ ಬಳಿ ಕುಳಿತು ಅದನ್ನೂ ಬರೆದುಕೊಳ್ಳಿರಿ. ಮಡಕೆ ಬೇಯುವವರೆಗೆ ಹೇಗೂ ಬಿಡುವಿದೆ.