ಮಗುವಿನ ಬಾಯಿಗೆ ಲೇಸರ್: ‘ನೋವಿಲ್ಲ’ ಅನ್ನೋ ಮಾತಿಗೆ ಮೊದಲು ಕೇಳಬೇಕಾದ್ದು

‘ಬ್ಲೇಡ್ ಇಲ್ಲ, ಹೊಲಿಗೆ ಇಲ್ಲ, ರಕ್ತವೂ ಇಲ್ಲ.’ ಮಕ್ಕಳ ಹಲ್ಲಿನ ಲೇಸರ್ ಚಿಕಿತ್ಸೆಯ ಇಂಥ ರೀಲ್ಸ್ ಈಗ ನಮ್ಮ ಶಿವಪುರದ ಮೊಬೈಲುಗಳಿಗೂ ಬರ್ತಿವೆ. 1938ರಲ್ಲಿ ನಿಷೇಧ ಮೀರಿ ಧ್ವಜ ಹಾರಿಸಿದ ಊರಿದು, ಪ್ರಶ್ನೆ ಕೇಳೋದು ನಮಗೆ ಹೊಸದೇನಲ್ಲ. ಇದರ ಬಗ್ಗೆಯೂ ಒಂದೆರಡು ಕೇಳೋಣ.

ಮೊದಲು ಲೇಸರ್ ಮಾಡೋದೇನು? ಒಸಡು, ತುಟಿಯ ಒಳಭಾಗ, ನಾಲಿಗೆಯ ಅಡಿಯ ಪಟ್ಟಿ ಇವೆಲ್ಲ ಮೃದು ಅಂಗಾಂಶಗಳು. ಇವಕ್ಕೆ ಹೆಚ್ಚಾಗಿ ಬಳಸೋದು ಡಯೋಡ್ ಲೇಸರ್, ತರಂಗಾಂತರ ಸುಮಾರು 810ರಿಂದ 980 ನ್ಯಾನೋಮೀಟರ್. ಈ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಮತ್ತು ಚರ್ಮದ ಮೆಲನಿನ್ ಹೀರಿಕೊಳ್ಳುತ್ತವೆ. ತೆಳುವಾದ ನಾರಿನ ಬಿಸಿ ತುದಿ ಕತ್ತರಿಸುತ್ತಲೇ ಸಣ್ಣ ರಕ್ತನಾಳಗಳನ್ನು ಮುಚ್ಚಿಬಿಡುತ್ತೆ. ರಕ್ತ ಕಡಿಮೆ, ಹೊಲಿಗೆ ಎಷ್ಟೋ ಸಲ ಬೇಡ ಅನ್ನೋದು ಇದರಿಂದಲೇ. 2940 ನ್ಯಾನೋಮೀಟರಿನ ಎರ್ಬಿಯಂ ಲೇಸರ್ ಬೇರೆ ಥರ: ಅಂಗಾಂಶದ ನೀರನ್ನು ಆವಿ ಮಾಡಿ ಕತ್ತರಿಸುತ್ತೆ, ಸುತ್ತ ಬಿಸಿ ಕಡಿಮೆ, ರಕ್ತ ನಿಲ್ಲಿಸುವ ಶಕ್ತಿಯೂ ಕಡಿಮೆ.

ಲಾಭ ನಿಜವೇ. ಅರ್ಧ ಹುಟ್ಟಿದ ಹಲ್ಲಿನ ಮೇಲೆ ಕೂತ ಒಸಡು, ಮೂರ್ಛೆರೋಗದ ಫೆನಿಟಾಯಿನ್ ಮಾತ್ರೆಯಿಂದ ಉಬ್ಬಿದ ಒಸಡು, ತುಟಿಯೊಳಗಿನ ಲೋಳೆಗುಳ್ಳೆ ಇವನ್ನೆಲ್ಲ ಹೆದರಿದ ಮಗುವಿನ ಬಾಯಲ್ಲಿ ಬೇಗ ಮುಗಿಸಬಹುದು. ಆದರೆ ಲೇಸರಿಗೂ ಮರವೆ ಔಷಧಿ ಬೇಕಾಗುತ್ತೆ, ಕೆಲವೊಮ್ಮೆ ಇಂಜೆಕ್ಷನ್ನೇ. ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ನಿಂತರೆ ಒಳಗಿನ ಮೂಳೆಗೂ ಬಿಸಿ ತಟ್ಟಬಹುದು. ಮಗು, ವೈದ್ಯರು, ಸಹಾಯಕರು ಮೂವರೂ ಆ ತರಂಗಾಂತರಕ್ಕೆ ತಕ್ಕ ಕನ್ನಡಕ ಹಾಕಲೇಬೇಕು. ರೀಲ್ಸ್‌ನಲ್ಲಿ ಅದನ್ನೊಮ್ಮೆ ಹುಡುಕಿ ನೋಡಿ.

ನನಗೆ ಕಿರಿಕಿರಿ ಅನಿಸೋದು ಯಂತ್ರವಲ್ಲ, ‘ಬೇಕೇ ಬೇಕು’ ಅನ್ನೋ ಮಾತು. ನಾಲಿಗೆಯ ಅಡಿಯ ಪಟ್ಟಿ ಗಿಡ್ಡ, ಕತ್ತರಿಸದಿದ್ರೆ ಮಗು ಹಾಲು ಕುಡಿಯಲ್ಲ ಅಂತ ಬಾಣಂತಿಯರನ್ನು ಹೆದರಿಸೋದುಂಟು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2024ರಲ್ಲಿ ಹೇಳಿದ್ದು: ಇಂಥ ಪಟ್ಟಿ ಇರುವ ಶಿಶುಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಕ್ಕಳಿಗೆ ಮಾತ್ರ ಹಾಲು ಕುಡಿಯೋದು ಕಷ್ಟವಾಗುತ್ತೆ, ಕತ್ತರಿಗಿಂತ ಲೇಸರ್ ಮೇಲು ಅನ್ನೋಕೆ ತಕ್ಕ ಪುರಾವೆಯಿಲ್ಲ. ಅಂದರೆ ಮೊದಲು ತಾಯಿ ಹಾಲೂಡಿಸುವ ರೀತಿ ನೋಡಬೇಕು, ಆಮೇಲೆ ಪಟ್ಟಿ.

ಎಂಟು ವರ್ಷದ ಮಗುವಿನ ಮುಂದಿನ ಹಲ್ಲುಗಳ ನಡುವಿನ ಸಂದಿಯದ್ದೂ ಇದೇ ಕಥೆ. ತುಟಿಯ ಪಟ್ಟಿ ಕತ್ತರಿಸಿ ಅಂತ ಆತುರಪಡಿಸ್ತಾರೆ, ಆದರೆ 11-12ರ ಹೊತ್ತಿಗೆ ಕೋರೆಹಲ್ಲು ಬಂದಾಗ ಆ ಸಂದಿ ಬಹಳಷ್ಟು ಮಕ್ಕಳಲ್ಲಿ ತಾನಾಗಿ ಕಿರಿದಾಗುತ್ತೆ. ಕಾಯೋದಕ್ಕೆ ಯಾರೂ ಬಿಲ್ ಹಾಕಲ್ಲ ನೋಡಿ!

ನಿಜಕ್ಕೂ ಚಿಕಿತ್ಸೆ ಬೇಕಾದ ಮಗುವಿನ ಪಾಡೇನು? 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ನಿಯಮದ ಪ್ರಕಾರ ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಹಲ್ಲಿನ ಸಮಸ್ಯೆಗಳೂ ಆ ತಪಾಸಣೆಯ ಪಟ್ಟಿಯಲ್ಲಿವೆ. ಲೇಸರ್ ಯಂತ್ರ ಕೊಡಿ ಅಂತ ಕೇಳೋದಕ್ಕಿಂತ ಮೊದಲು ನಾನು ಕೇಳೋದು ಇಷ್ಟು: ಮದ್ದೂರು ತಾಲೂಕಿನಲ್ಲಿ ಕಳೆದ ವರ್ಷ ಎಷ್ಟು ಮಕ್ಕಳ ಬಾಯಿ ನೋಡಿದರು, ಎಷ್ಟು ಮಂದಿಯನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು, ಹೋದವರಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿತು? ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ.